ಪರಿಹಾರ ಸಾಮಗ್ರಿಯ ಲಾರಿಗಳು ವಾಪಸ್ ಹೋದ ಮೇಲೆ ನಮ್ಮ ಸಂಘ ಏನು ಮಾಡಬೇಕು? ಮಳೆ ಜೋರಾಗುವ ಮೊದಲು ಸಲಹೆ ಬೇಕು

ಮಾದಾಪುರ_ಹೊಳೆ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ಊರಲ್ಲಿ ಒಂದು ಸಣ್ಣ ಸೇವಾ ಸಂಘ ಇದೆ. ಶುರು ಮಾಡಿದವರು ಸೈನ್ಯದಿಂದ ನಿವೃತ್ತರಾಗಿ ಬಂದ ಹಿರಿಯರು. 1965, 1971, ಕಾರ್ಗಿಲ್, ಯಾವ ಯುದ್ಧದ ಮಾತು ಬಂದರೂ ಕೊಡಗಿನ ಯಾವುದೋ ಮನೆಯ ಗೋಡೆಯಲ್ಲಿ ಒಂದು ಫೋಟೋ ಇರುತ್ತದೆ, ಅಲ್ವಾ? ಅಂಥ ಮನೆಯವರಿಗೆ ಪಿಂಚಣಿ ಅರ್ಜಿ ಬರೆದುಕೊಡುವುದು, ಮಡಿಕೇರಿಗೆ ಕರೆದುಕೊಂಡು ಹೋಗಿ ಬರುವುದು, ಮಕ್ಕಳ ಫೀಸಿಗೆ ಸ್ವಲ್ಪ ಸೇರಿಸುವುದು. ಇಷ್ಟೇ ಕೆಲಸ ಇತ್ತು.

2018ರ ಆಗಸ್ಟ್‌ನಲ್ಲಿ ಅದು ಬದಲಾಯಿತು. ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಕಾಲೂರು, ಮೊಣ್ಣಂಗೇರಿ, ಜೋಡುಪಾಲ ಎಲ್ಲ ಕಡೆ ಗುಡ್ಡ ಜರಿಯಿತು. ಪಿಂಚಣಿ ಅರ್ಜಿ ಬರೆಯುತ್ತಿದ್ದ ನಾವೇ ಗಂಜಿ ಕೇಂದ್ರದಲ್ಲಿ ಅನ್ನ ಬಡಿಸಿದೆವು. ಆಮೇಲೆ 2019, 2020. ಪ್ರತಿ ವರ್ಷ ಕಕ್ಕಡ (ಜೋರು ಮಳೆಯ ಆಟಿ ತಿಂಗಳು) ಬಂತೆಂದರೆ ಈಗ ಎದೆ ಹೊಡೆದುಕೊಳ್ಳುತ್ತದೆ.

ಈಗ ವಿಷಯ ಏನೆಂದರೆ, ಕಳೆದ ಭಾನುವಾರ ಸಭೆ ಆಯಿತು. ಸಂಘದಲ್ಲಿ ಸ್ವಲ್ಪ ಹಣ ಇದೆ. ಜಾಸ್ತಿ ಜನ ಹೇಳಿದ್ದು, ಈಗಲೇ ಕಿಟ್ ತಂದಿಡೋಣ, ಅಕ್ಕಿ, ಬೇಳೆ, ಕಂಬಳಿ, ತಾರ್ಪಾಲ್ ಅಂತ. ತಪ್ಪು ಅಂತ ನಾನು ಹೇಳುವುದಿಲ್ಲ. ಆದರೆ ನನ್ನ ಮನಸ್ಸು ಬೇರೆ ಕಡೆ ಎಳೆಯುತ್ತಿದೆ. ಯಾಕೆ ಅಂತ ಹೇಳುತ್ತೇನೆ.

2018ರಲ್ಲಿ ಕೇಂದ್ರಕ್ಕೆ ಒಬ್ಬರು ಅಜ್ಜಿ ಬಂದಿದ್ದರು. ಅವರ ಗಂಡ 1971ರ ಯುದ್ಧದಲ್ಲಿ ಕಾಲಿಗೆ ಗುಂಡು ತಾಗಿಸಿಕೊಂಡು ಬಂದವರು, ತೀರಿಹೋಗಿ ತುಂಬ ವರ್ಷವಾಗಿತ್ತು. ಅಜ್ಜಿ ಉಟ್ಟ ಸೀರೆಯಲ್ಲಿ ಬಂದಿದ್ದರು. ಮೂರನೇ ದಿನ ಮೊಮ್ಮಗ ಹೋಗಿ ಮಣ್ಣಿನಡಿಯಿಂದ ಒಂದು ತಗಡಿನ ಪೆಟ್ಟಿಗೆ ತೆಗೆದುಕೊಂಡು ಬಂದ. ಒಳಗೆ ಗಂಡನ ಡಿಸ್ಚಾರ್ಜ್ ಬುಕ್ಕು, ಪಿಂಚಣಿ ಆದೇಶದ ಕಾಗದ, ಒಂದು ಮೆಡಲ್. ಕಾಗದಗಳೆಲ್ಲ ನೀರು ಕುಡಿದು ಒಂದೇ ಮುದ್ದೆಯಾಗಿದ್ದವು. ನಾನು ಅದನ್ನು ಮನೆಗೆ ತಂದು, ಚಮಚದ ಹಿಡಿಯಿಂದ ಒಂದೊಂದೇ ಹಾಳೆ ಬಿಡಿಸಿ, ನಡುವೆ ಹಳೇ ಪೇಪರ್ ಇಟ್ಟು, ಒಲೆ ಮೇಲಿನ ಅಟ್ಟದಲ್ಲಿ ಒಣಗಿಸಿದೆ. ಐದು ದಿನ ಬೇಕಾಯಿತು. ಗಂಡನ ನಂಬರು, ರೆಜಿಮೆಂಟಿನ ಸೀಲು ಉಳಿದಿತ್ತು. ಹೆಂಡತಿ ಹೆಸರು ಬರೆದಿದ್ದ ಜಾಗದಲ್ಲಿ ಮಾತ್ರ ನೀಲಿ ಶಾಯಿ ಹರಡಿ ಬರೀ ಒಂದು ಕಲೆ. ಅಜ್ಜಿ ಆ ಕಲೆಯ ಮೇಲೆ ಬೆರಳಿಟ್ಟು, 'ಇಲ್ಲಿ ನನ್ನ ಹೆಸರಿತ್ತು' ಅಂದರು.

ಅವರು ಮಗಳ ಮನೆಗೆ ಹೋದ ಮೇಲೆ ಪಿಂಚಣಿಯ ಖಾತೆ ಬದಲಾಯಿಸುವಾಗ ಆ ಒಂದು ಹೆಸರಿಗಾಗಿ ತುಂಬ ಅಲೆದೆವು. ಆಧಾರ್‌ನಲ್ಲಿ ಒಂದು ರೀತಿ, ಹಳೇ ಕಾಗದದಲ್ಲಿ ಇನ್ನೊಂದು ರೀತಿ. ಅಕ್ಕಿ ತಂದ ಲಾರಿಗಳು ಒಂದು ತಿಂಗಳಲ್ಲಿ ವಾಪಸ್ ಹೋದವು. ಈ ಕೆಲಸ ಮುಗಿಯಲು ಒಂದೂವರೆ ವರ್ಷ ಹಿಡಿಯಿತು.

ಹಾಗಾಗಿ ನನ್ನ ಪ್ರಶ್ನೆ. ನಮ್ಮಂಥ ಸಣ್ಣ ಸಂಘ ಲಾರಿಯವರು ಮಾಡುವ ಕೆಲಸವನ್ನೇ ಮಾಡಬೇಕಾ? ಅಥವಾ ಲಾರಿಗಳು ಹೋದ ಮೇಲಿನ ಕೆಲಸಕ್ಕೆ ಹಣ ಇಟ್ಟುಕೊಳ್ಳಬೇಕಾ? ಅನುಭವ ಇದ್ದವರು ಹೇಳಿ.

ಈಗ_ಜಂಬೂರಿನಲ್ಲಿ:

ಅಣ್ಣ, ನಾನು ಮಕ್ಕಂದೂರಿನವನು. 2018ರಲ್ಲಿ ಮನೆ ಹೋಯಿತು, ಈಗ ಜಂಬೂರಿನ ಬಡಾವಣೆಯಲ್ಲಿದ್ದೇನೆ. ಮನೆ ಸಿಕ್ಕಿದ್ದು 2020ರಲ್ಲಿ. ಗಟ್ಟಿ ಮನೆ, ಅದರ ಬಗ್ಗೆ ದೂರು ಇಲ್ಲ. ಕೊಟ್ಟವರಿಗೆಲ್ಲ ಕೈ ಮುಗಿಯುತ್ತೇನೆ.

ಆದರೆ ಮನೆ ಸಿಕ್ಕಿದ ಕೂಡಲೇ ಜನ 'ಇನ್ನೇನು, ಎಲ್ಲ ಸರಿಹೋಯ್ತಲ್ಲ' ಅಂತಾರೆ. ನಮ್ಮ ತೋಟ ಅಲ್ಲೇ ಇದೆ. ತೋಟ ಅಂದರೆ ಅರ್ಧ. ಇನ್ನರ್ಧ ಹೊಳೆಗೆ ಹೋಯಿತು. ಬೆಳಿಗ್ಗೆ ಬಸ್ಸು ಹಿಡಿದು ಹೋಗಿ ಸಂಜೆ ಬರಬೇಕು. ಕಾಫಿ ಹಣ್ಣಾದಾಗ ಕಾವಲು ಕಾಯುವವರು ಯಾರು? ಮೊದಲು ಮನೆ ಮುಂದೆಯೇ ಕಣ ಇತ್ತು, ಮಳೆ ಹನಿ ಬಿದ್ದರೆ ಓಡಿ ಹೋಗಿ ಮುಚ್ಚುತ್ತಿದ್ದೆವು. ಈಗ ಹಸಿ ಹಣ್ಣನ್ನೇ ಕೊಟ್ಟುಬಿಡುತ್ತೇವೆ, ರೇಟು ಕಡಿಮೆ.

ಜಾಗದ ಗಡಿಯದ್ದು ಇನ್ನೊಂದು ಕಥೆ. ಗುಡ್ಡ ಜರಿದಾಗ ಗಡಿ ಕಲ್ಲು ಎಲ್ಲಿ ಉಳಿಯುತ್ತದೆ? ಮೇಲಿನವರ ಮೆಣಸಿನ ಬಳ್ಳಿ ಮರದ ಸಮೇತ ನಮ್ಮ ಜಾಗಕ್ಕೆ ಬಂದು ನಿಂತಿತ್ತು. ನಲವತ್ತು ವರ್ಷ ಒಟ್ಟಿಗೆ ಪುತ್ತರಿ (ಸುಗ್ಗಿ ಹಬ್ಬ) ಮಾಡಿದ ಎರಡು ಮನೆಯವರು ಮಾತು ಬಿಟ್ಟೆವು.

ಅದಕ್ಕಿಂತ ದೊಡ್ಡ ತೊಡಕು ಆರ್‌ಟಿಸಿ, ಅಂದರೆ ಪಹಣಿ. ಜಮ್ಮಾ ಜಾಗ, ಅಂದರೆ ಇಡೀ ಒಕ್ಕಕ್ಕೆ (ಮನೆತನಕ್ಕೆ) ವಂಶಪಾರಂಪರ್ಯವಾಗಿ ಬಂದ ಜಾಗ ಇರುವವರಿಗೆ ಗೊತ್ತಿರುತ್ತದೆ. ಹೆಸರು ಒಕ್ಕದ ಹಿರಿಯರಾದ ಪಟ್ಟೇದಾರರದ್ದು, ನಮ್ಮಲ್ಲಿ ಅಜ್ಜನ ಅಣ್ಣನದ್ದು. ಅವರು ತೀರಿಹೋಗಿ ಎಷ್ಟೋ ವರ್ಷ. ಬೆಳೆ ಪರಿಹಾರಕ್ಕೆ ಹೋದಾಗ 'ಜಾಗ ನಿಮ್ಮ ಹೆಸರಲ್ಲಿ ಇಲ್ಲವಲ್ಲ' ಅಂದರು. ವಂಶವೃಕ್ಷ ಮಾಡಿಸಿ, ಒಕ್ಕದ ಎಲ್ಲರ ಒಪ್ಪಿಗೆ ಪತ್ರ ತರಬೇಕು. ಅದರಲ್ಲಿ ಒಬ್ಬರು ದುಬೈಯಲ್ಲಿ, ಇನ್ನೊಬ್ಬರ ಜೊತೆ ಮಾತೇ ಇಲ್ಲ.

ಆಗ ನಮ್ಮ ಜೊತೆ ನಿಂತದ್ದು ಒಂದು ಸಣ್ಣ ಸಂಘ. ನಿವೃತ್ತ ಸರ್ವೆಯರ್ ಒಬ್ಬರನ್ನು ಕರೆದುಕೊಂಡು ಬಂದರು. ಅವರು ಹಳೇ ನಕ್ಷೆ ಹಿಡಿದು ಎರಡು ದಿನ ಕೆಸರಲ್ಲಿ ನಡೆದರು, ಎರಡೂ ಮನೆಯವರನ್ನು ನಿಲ್ಲಿಸಿ ಗೂಟ ಹೊಡೆಸಿದರು. ಒಂದು ರೂಪಾಯಿ ತಗೊಳ್ಳಲಿಲ್ಲ. ಆ ವರ್ಷ ಬಂದ ಎಷ್ಟೋ ಚೀಲ ಅಕ್ಕಿ ನನಗೆ ನೆನಪಿಲ್ಲ. ಆ ಗೂಟ ನೆನಪಿದೆ. ನನ್ನ ಓಟು ನಿಮ್ಮ ಕಡೆಗೆ.

ಕರಡಿಗೋಡು_ದಡ:

ಇಬ್ಬರ ಮಾತೂ ಓದಿದೆ. ಬೇಜಾರು ಮಾಡಬೇಡಿ, ನನ್ನದು ಬೇರೆ ಅಭಿಪ್ರಾಯ.

ಕಾಗದ ಒಣಗಿಸುವುದು, ಆರ್‌ಟಿಸಿ ಸರಿ ಮಾಡಿಸುವುದು, ಇದೆಲ್ಲ ಕಾಗದ ಇದ್ದವರಿಗೆ. ನಾವು ಕಾವೇರಿ ದಡದಲ್ಲಿದ್ದೇವೆ. ಕರಡಿಗೋಡು, ಕುಂಬಾರಗುಂಡಿ, ಬೆಟ್ಟದಕಾಡು, ನೆಲ್ಯಹುದಿಕೇರಿ. ಹೆಚ್ಚಿನವರು ತೋಟದ ಕೆಲಸಕ್ಕೆ ಹೋಗುವವರು. ತೋಟದ ಮಾಲೀಕರು ಕೊಟ್ಟ ಲೈನ್ ಮನೆ ಬಿಟ್ಟು ಬಂದವರು ಇರುವುದಕ್ಕೆ ಎಲ್ಲೂ ಜಾಗ ಸಿಗದೆ ಹೊಳೆ ಬದಿ ಮನೆ ಕಟ್ಟಿಕೊಂಡರು. ಹಕ್ಕುಪತ್ರ ಇಲ್ಲ. ನೀರು ಬಂದಾಗಲೆಲ್ಲ 'ಖಾಲಿ ಮಾಡಿ' ಅಂತಾರೆ, ನೀರು ಇಳಿದರೆ ಕೇಳುವವರಿಲ್ಲ.

2019ರಲ್ಲಿ ರಾತ್ರಿ ನೀರು ಬಂತು. ನಾನು ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ರಸ್ತೆಗೆ ಬಂದೆ. ಬೆಳಗಿನವರೆಗೆ ಒದ್ದೆ ಬಟ್ಟೆಯಲ್ಲೇ ನಿಂತಿದ್ದೆವು. ಯಾರೋ ಒಂದು ಕಂಬಳಿ ತಂದು ಹೊದೆಸಿದರು. ಅವರ ಮುಖ ಕತ್ತಲಲ್ಲಿ ಕಾಣಲಿಲ್ಲ, ಇವತ್ತಿಗೂ ಯಾರು ಅಂತ ಗೊತ್ತಿಲ್ಲ. ಕಿಟ್ ಬೇಡ ಅಂತ ಸುಲಭವಾಗಿ ಹೇಳಬೇಡಿ.

ಆದರೆ ಕಿಟ್‌ನಲ್ಲಿ ಏನಿರಬೇಕು ಅಂತ ನಮ್ಮನ್ನು ಕೇಳಿ. ಕೇಂದ್ರದಲ್ಲಿ ಊಟ ಸಿಗುತ್ತದೆ, ಅಕ್ಕಿ ಅಲ್ಲಿ ಬೇಡ. ವಾಪಸ್ ಮನೆಗೆ ಹೋದ ದಿನ ಬೇಕು. ಅವತ್ತು ಮನೆಯೊಳಗೆ ಮೊಣಕಾಲುದ್ದ ಕೆಸರು. ಸಲಿಕೆ ಬೇಕು, ಬಕೆಟ್ ಬೇಕು, ತೆಂಗಿನ ಕಡ್ಡಿ ಪೊರಕೆ, ಬ್ಲೀಚಿಂಗ್ ಪುಡಿ, ಗಂಬೂಟು ಬೇಕು. ಗ್ಯಾಸ್ ಸ್ಟೌ ರಿಪೇರಿಗೆ ಒಬ್ಬರು ಬಂದರೆ ಇಡೀ ಕೇರಿಗೆ ಉಪಕಾರ. ಹೆಂಗಸರಿಗೆ ಒಳಬಟ್ಟೆ, ಪ್ಯಾಡು. ಇದನ್ನು ಯಾರೂ ಕೇಳುವುದಿಲ್ಲ, ಹೇಳಲು ಅವರಿಗೂ ಸಂಕೋಚ. ಕೆಸರು ತೆಗೆಯುವಾಗ ಕಾಲಲ್ಲಿ ಗಾಯ ಇದ್ದರೆ ಇಲಿ ಜ್ವರ ಬರುತ್ತದೆ, ಅದಕ್ಕೆ ಮೊದಲೇ ಆಶಾ ಅಕ್ಕನವರ ಹತ್ತಿರ ಹೋಗಿ ಮಾತ್ರೆ ಕೇಳಬೇಕು ಅಂತ ಹೇಳಿಕೊಡುವವರು ಬೇಕು.

ಯೋಧರ_ಮನೆ:

ಒಂದು ಮಾತು ಕೇಳಬಹುದಾ? ಈ ಸಂಘಕ್ಕೆ ಹಣ ಕೊಟ್ಟವರು ಸೈನಿಕರ ಕುಟುಂಬಕ್ಕೆ ಅಂತ ಕೊಟ್ಟದ್ದು. ನನ್ನ ತಂದೆಯೂ ಪ್ರತಿ ತಿಂಗಳು ಪಿಂಚಣಿಯಿಂದ ಕೊಡುತ್ತಿದ್ದರು. ಈಗ ಅದು ಎಲ್ಲರಿಗೂ ಹಂಚಿಹೋದರೆ, ಒಂಟಿಯಾಗಿರುವ ಯೋಧರ ಹೆಂಡತಿಯರಿಗೆ ಏನು ಉಳಿಯುತ್ತದೆ? ಹೊಳೆ ಬದಿಯವರ ಕಷ್ಟ ನನಗೂ ಗೊತ್ತು. ಆದರೆ ಅವರಿಗೆ ಸರ್ಕಾರ ನೋಡಬೇಕಲ್ಲವೇ?

ನಿವೃತ್ತ_ಹವಾಲ್ದಾರ್:

ನಾನು ಈ ಸಂಘದ ಹಳೇ ಸದಸ್ಯ. ಮೇಲೆ ಕೇಳಿದ ತಮ್ಮನಿಗೆ ಉತ್ತರ ಕೊಡುತ್ತೇನೆ. ನಿಮ್ಮ ತಂದೆಯವರನ್ನು ನೆನೆಸಿಕೊಂಡೇ ಹೇಳುತ್ತಿದ್ದೇನೆ.

ನೀವು ಕೇಳಿದ್ದು ನ್ಯಾಯ. ಸೈನಿಕರ ಕುಟುಂಬಕ್ಕೆ ಅಂತ ಬಂದ ಹಣ ಅದಕ್ಕೇ ಹೋಗಬೇಕು. ಎರಡು ಲೆಕ್ಕ ಬೇರೆ ಬೇರೆ ಇಡೋಣ, ಒಂದಕ್ಕೊಂದು ಬೆರೆಸುವುದು ಬೇಡ. ಆದರೆ ಕೆಲಸವನ್ನು ಬೇರೆ ಮಾಡಲು ಆಗುವುದಿಲ್ಲ. 2018ರಲ್ಲಿ ಸೈನ್ಯದವರು, ಎನ್‌ಡಿಆರ್‌ಎಫ್‌ನವರು ಹಗ್ಗ ಕಟ್ಟಿ ಜನರನ್ನು ದಾಟಿಸುವಾಗ ನಾನೂ ಪಕ್ಕದಲ್ಲಿ ದಾರಿ ತೋರಿಸಲು ಇದ್ದೆ. ಯಾರ ಮನೆಯವರು, ಯಾವ ಜಾತಿ, ಹಕ್ಕುಪತ್ರ ಇದೆಯಾ ಅಂತ ಆ ಹುಡುಗರು ಒಬ್ಬರನ್ನೂ ಕೇಳಲಿಲ್ಲ. ಸೈನ್ಯ ನಮಗೆ ಕಲಿಸಿದ್ದು ಅದೇ. ಊರಿಗೆ ಬಂದ ಮೇಲೆ ನಾವು ಬೇರೆ ಥರ ನಡೆದರೆ ಹೇಗೆ?

ಇನ್ನು ಕಾಗದದ ವಿಷಯ. ನೀರಲ್ಲಿ ಹೋದರೆ ಯಾವುದು ಸುಲಭವಾಗಿ ವಾಪಸ್ ಬರುತ್ತದೆ, ಯಾವುದು ಕಷ್ಟ ಅಂತ ಗೊತ್ತಿರಬೇಕು. ಆಧಾರ್, ಆರ್‌ಟಿಸಿ ಕಂಪ್ಯೂಟರಿನಲ್ಲಿ ಇರುತ್ತದೆ, ಮತ್ತೆ ತೆಗೆಯಬಹುದು. ಕ್ರಯಪತ್ರ ನೋಂದಣಿ ಆಗಿದ್ದರೆ ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ದೃಢೀಕೃತ ನಕಲು ಸಿಗುತ್ತದೆ. ಡಿಸ್ಚಾರ್ಜ್ ಬುಕ್ ಹಾಗಲ್ಲ. ಪೊಲೀಸ್ ಠಾಣೆಯಲ್ಲಿ ದೂರು ಕೊಡಬೇಕು, ಅಫಿಡವಿಟ್ ಮಾಡಿಸಬೇಕು, ಸೈನಿಕ ಕಲ್ಯಾಣ ಇಲಾಖೆಯ ಮೂಲಕ ರೆಕಾರ್ಡ್ ಆಫೀಸಿಗೆ (ಸೈನಿಕರ ದಾಖಲೆ ಇಡುವ ಕಚೇರಿ) ಕಳಿಸಬೇಕು. ಯಾವ ರೆಕಾರ್ಡ್ ಆಫೀಸು ಅಂತ ಎಷ್ಟೋ ಹೆಣ್ಣುಮಕ್ಕಳಿಗೆ ಗೊತ್ತೇ ಇರುವುದಿಲ್ಲ. ಮದ್ರಾಸ್ ರೆಜಿಮೆಂಟ್ ಆದರೆ ವೆಲ್ಲಿಂಗ್ಟನ್. ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್) ಆದರೆ ಬೆಂಗಳೂರು. ಇಎಂಇ (ಸೈನ್ಯದ ಎಲೆಕ್ಟ್ರಾನಿಕ್ಸ್, ಮೆಕ್ಯಾನಿಕಲ್ ವಿಭಾಗ) ಸಿಕಂದರಾಬಾದ್, ಸಿಗ್ನಲ್ಸ್ ಜಬಲ್ಪುರ, ಆರ್ಟಿಲರಿ ನಾಸಿಕ್. ಗಂಡನ ನಂಬರು ಮತ್ತು ರೆಜಿಮೆಂಟು ಎರಡು ಗೊತ್ತಿದ್ದರೆ ಅರ್ಧ ಕೆಲಸ ಆಯಿತು.

ಆಮೇಲೆ ಮದುವೆ, ಮಕ್ಕಳು ಹುಟ್ಟಿದ್ದು ಸೇವೆಯಲ್ಲಿದ್ದಾಗ 'ಪಾರ್ಟ್ 2 ಆರ್ಡರ್' (ಇಂಥ ವಿವರ ಸೇರಿಸುವ ಸೈನ್ಯದ ಆದೇಶ) ಆಗಿ ದಾಖಲಾಗಿದೆಯಾ ನೋಡಿ. ಆ ಕಾಲದಲ್ಲಿ ಹೆಂಡತಿ ಹೆಸರನ್ನು ಬರೆದುಕೊಂಡವನು ಹಿಂದಿಯವನೋ ತಮಿಳಿನವನೋ, ತನಗೆ ಕೇಳಿಸಿದ ಹಾಗೆ ಬರೆದಿರುತ್ತಾನೆ. ಗಂಡ ಬದುಕಿರುವಾಗಲೇ ಸರಿ ಮಾಡಿಸಿದರೆ ಸಣ್ಣ ಕೆಲಸ. ಈಗ ಪಿಂಚಣಿ ಎಲ್ಲ ಸ್ಪರ್ಶ್ ಅನ್ನುವ ಆನ್‌ಲೈನ್ ವ್ಯವಸ್ಥೆಯಲ್ಲಿದೆ. ವರ್ಷಕ್ಕೊಮ್ಮೆ ಜೀವಿತ ಪ್ರಮಾಣ ಕೊಡಬೇಕು. ಒಟಿಪಿ ಹಳೇ ಸಿಮ್‌ಗೆ ಹೋಗುತ್ತದೆ, ಆ ಸಿಮ್ ಮಣ್ಣಿನಡಿಗೆ ಹೋಗಿದೆ. ಮೊಬೈಲ್ ನಂಬರ್ ಬದಲಾಯಿಸುವುದೇ ಮೊದಲ ಕೆಲಸ.

ನಾನು ವಾರಕ್ಕೆ ಎರಡು ದಿನ ಕೂರಲು ತಯಾರಿದ್ದೇನೆ.

ಯೋಧರ_ಮನೆ:

ಮಾವ, ಎರಡು ಲೆಕ್ಕ ಇಡುತ್ತೀರಿ ಅಂದರೆ ನನ್ನ ಒಪ್ಪಿಗೆ ಇದೆ. ತಂದೆಯ ಹೆಸರಲ್ಲಿ ಕೊಡುವುದನ್ನು ನಾನು ಮುಂದುವರಿಸುತ್ತೇನೆ.

ಶಾಲೆ_ಟೀಚರ್:

ನಮ್ಮ ಶಾಲೆ 2018ರಲ್ಲೂ 2019ರಲ್ಲೂ ಪರಿಹಾರ ಕೇಂದ್ರ ಆಗಿತ್ತು. ಎರಡು ವಿಷಯ ಹೇಳಬೇಕು.

ಒಂದು, ಹಳೇ ಬಟ್ಟೆ. ದಯವಿಟ್ಟು ಯಾರೂ ಕಳಿಸಬೇಡಿ. ನಮ್ಮ ಆರನೇ ತರಗತಿ ಕೋಣೆ ಕಿಟಕಿಯವರೆಗೆ ತುಂಬಿತ್ತು. ಆ ಮಳೆಯಲ್ಲಿ ಅದು ಬೂಸಲು ಹಿಡಿದು ವಾಸನೆ ಬಂತು. ಹರಿದ ಬಟ್ಟೆ, ಒಂಟಿ ಚಪ್ಪಲಿ. ಮನೆ ಕಳೆದುಕೊಂಡವರು ಆ ರಾಶಿಯ ಮುಂದೆ ಕೂತು ಆರಿಸುವುದನ್ನು ನೋಡುವಾಗ ನನಗೆ ಅಳು ಬಂತು. ನಿನ್ನೆಯವರೆಗೆ ಅವರೂ ಇನ್ನೊಬ್ಬರಿಗೆ ಕೊಡುತ್ತಿದ್ದವರೇ.

ಎರಡು, ಮಕ್ಕಳು. ನಾಲ್ಕನೇ ಕ್ಲಾಸಿನ ಒಂದು ಹುಡುಗಿ ಇದ್ದಳು. ಶಾಲೆ ಮತ್ತೆ ಶುರುವಾದ ಮೇಲೆ ಮಳೆ ಬಂದರೆ ಸಾಕು, ಚೀಲ ಎದೆಗೆ ಒತ್ತಿಕೊಂಡು ಬಾಗಿಲ ಹತ್ತಿರ ಬಂದು ನಿಲ್ಲುತ್ತಿದ್ದಳು. ಕೂತುಕೋ ಅಂದರೂ ಇಲ್ಲ, ಬೈದರೂ ಇಲ್ಲ. ಕೊನೆಗೆ ನಾನು ಅವಳ ಬೆಂಚನ್ನೇ ಬಾಗಿಲ ಪಕ್ಕಕ್ಕೆ ಹಾಕಿಸಿದೆ. ಆಮೇಲೆ ಕೂತಳು. ಆ ಇಡೀ ವರ್ಷ ಅಲ್ಲೇ ಕೂತು ಓದಿದಳು. 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲದ ಸುದ್ದಿ ಬಂದಾಗ ನನಗೆ ಮೊದಲು ನೆನಪಾದದ್ದು ಅವಳೇ. ಫೋನ್ ಮಾಡಿದೆ. ಈಗ ದೊಡ್ಡ ಹುಡುಗಿ. 'ಟೀಚರ್, ರಾತ್ರಿ ಇಡೀ ಎಚ್ಚರ ಇದ್ದೆ' ಅಂದಳು.

ಸಂಘದವರು ವಾರಕ್ಕೊಮ್ಮೆ ಬಂದು ಮಕ್ಕಳ ಜೊತೆ ಸುಮ್ನೆ ಒಂದು ಗಂಟೆ ಆಡಿದರೂ ಸಾಕು. ಹತ್ತು ದಿನ ಅಲ್ಲ, ಒಂದು ವರ್ಷ ಬನ್ನಿ. ಇದಕ್ಕೆ ಹಣ ಬೇಡ, ಜನ ಬೇಕು.

ಮಳೆ_ಪುಸ್ತಕ:

ನಮ್ಮದು ಗಾಳಿಬೀಡು ಕಡೆ. ನಮ್ಮ ತೋಟದಲ್ಲಿ ಅಜ್ಜನ ಕಾಲದಿಂದ ಮಳೆ ಬರೆದಿಟ್ಟ ಪುಸ್ತಕ ಇದೆ. ಬೆಳಿಗ್ಗೆ ಮಳೆ ಅಳೆಯುವ ಡಬ್ಬ ನೋಡಿ ಇಂಚು ಬರೆಯುವುದು ಕೊಡಗಿನ ಎಷ್ಟೋ ಮನೆಯಲ್ಲಿ ಇವತ್ತಿಗೂ ಇದೆ. ಆದರೆ ಆ ಲೆಕ್ಕ ಪಕ್ಕದ ಮನೆಗೂ ಹೋಗುವುದಿಲ್ಲ. ಮೇಲಿನ ಗುಡ್ಡದಲ್ಲಿ ರಾತ್ರಿ ಎಂಟು ಇಂಚು ಸುರಿದದ್ದು ಕೆಳಗಿನ ಪೈಸಾರಿಯಲ್ಲಿ (ಸರ್ಕಾರಿ ಜಾಗ) ಮಲಗಿರುವವರಿಗೆ ಗೊತ್ತಾಗಬೇಕಲ್ಲ? ಸಂಘದವರು ಪ್ರತಿ ಊರಲ್ಲಿ ಡಬ್ಬ ಇರುವ ನಾಲ್ಕು ಮನೆ ಹುಡುಕಿ, ಬೆಳಿಗ್ಗೆ ಸಂಜೆ ಒಂದು ವಾಟ್ಸಾಪ್ ಗುಂಪಿಗೆ ಹಾಕಿಸಿ. ಕರೆಂಟ್ ಹೋಗಿ ನೆಟ್‌ವರ್ಕ್ ಬಿದ್ದರೆ ಏನು ಅಂತಲೂ ಯೋಚಿಸಿ. ಯಾರು ಯಾರ ಮನೆಗೆ ನಡೆದು ಹೋಗಿ ಹೇಳುವುದು ಅಂತ ಈಗಲೇ ಬರೆದಿಡಿ.

2018ರ ನಂತರ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯವರು ಬಂದು ನೋಡಿ ಹೋದರು. ವಿಪರೀತ ಮಳೆಯ ಜೊತೆಗೆ ಮನೆಗೆ, ರಸ್ತೆಗೆ ಅಂತ ಇಳಿಜಾರನ್ನು ನೇರವಾಗಿ ಕಡಿದದ್ದೂ ಕಾರಣ ಅಂದರು. ನಮ್ಮ ಹಿರಿಯರು ಬರೆ (ಗುಡ್ಡದ ಇಳಿಜಾರು) ಕಡಿಯುವಾಗ ಓರೆಯಾಗಿ ಕಡಿಯುತ್ತಿದ್ದರು, ನೀರು ಹೋಗಲು ದಾರಿ ಬಿಡುತ್ತಿದ್ದರು. ಜೆಸಿಬಿ ಬಂದ ಮೇಲೆ ಗೋಡೆ ಥರ ನೇರ ಕಡಿಯುವುದು ಶುರುವಾಯಿತು. ನಾನೂ ಕಡಿಸಿದ್ದೇನೆ. ಈಗ ಅದಕ್ಕೆ ಪ್ರತಿ ವರ್ಷ ಟಾರ್ಪಾಲ್ ಹೊದೆಸುತ್ತೇನೆ, ಮೇಲೆ ಚರಂಡಿ ತೆಗೆಸಿದ್ದೇನೆ.

ಅಂಗಳದಲ್ಲಿ, ತೋಟದಲ್ಲಿ ಹೊಸ ಬಿರುಕು ಕಂಡರೆ, ನೆಟ್ಟಗಿದ್ದ ಮರ ಓರೆಯಾದರೆ, ಬಾಗಿಲು ಇದ್ದಕ್ಕಿದ್ದ ಹಾಗೆ ಬಿಗಿಯಾದರೆ, ತಿಳಿಯಾಗಿದ್ದ ಒರತೆ ನೀರು ಕೆಂಪಾಗಿ ಬಂದರೆ ಅಥವಾ ನಿಂತೇ ಹೋದರೆ, ಸಾಮಾನು ನೋಡಬೇಡಿ. ಹೊರಟುಬಿಡಿ.

ಬೆಂಗಳೂರಲ್ಲಿರುವ_ಅಮ್ಮತ್ತಿಯವಳು:

ಹಣದ ವಿಷಯದಲ್ಲಿ ನಾನು ಸಹಾಯ ಮಾಡಬಲ್ಲೆ, ನನ್ನ ಕೆಲಸವೇ ಲೆಕ್ಕಪತ್ರ. ಸಂಘ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿ ಆಗಿದ್ದರೆ ಪ್ರತಿ ವರ್ಷ ಲೆಕ್ಕ ಸಲ್ಲಿಸಿದ್ದೀರಾ ನೋಡಿ. ಬಿಟ್ಟುಹೋಗಿದ್ದರೆ ಮೊದಲು ಅದನ್ನು ಸರಿ ಮಾಡೋಣ. ದೇಣಿಗೆಯ ತೆರಿಗೆ ವಿನಾಯಿತಿ ನೋಂದಣಿ (80ಜಿ ಅಂತಾರೆ) ಇದ್ದರೆ, ಕೊಡುವವರಲ್ಲಿ ಹಳೇ ತೆರಿಗೆ ಪದ್ಧತಿಯಲ್ಲಿರುವವರು ವಿನಾಯಿತಿ ಕೇಳಬಹುದು.

ಹೊರದೇಶದಿಂದ ಹಣ ಬಂದರೆ ಹುಷಾರು. ಭಾರತದ ಪಾಸ್‌ಪೋರ್ಟ್ ಇರುವ ನಮ್ಮವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ತೊಂದರೆ ಇಲ್ಲ. ಬೇರೆ ದೇಶದ ಪೌರತ್ವ ತಗೊಂಡವರು ಕಳಿಸಿದರೆ ಅದು ವಿದೇಶಿ ವಂತಿಗೆ, ಅದಕ್ಕೆ ಎಫ್‌ಸಿಆರ್‌ಎ (ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಬೇಕು. 2018ರಲ್ಲಿ ಇದು ಗೊತ್ತಿಲ್ಲದೆ ಎಷ್ಟೋ ಜನ ಪ್ರೀತಿಯಿಂದ ಯಾರ್ಯಾರದೋ ಸ್ವಂತ ಖಾತೆಗೆ ಕಳಿಸಿಬಿಟ್ಟರು. ಒಬ್ಬರ ಸ್ವಂತ ಖಾತೆಗೆ ಒಂದು ರೂಪಾಯಿಯೂ ಬೇಡ.

ಇನ್ನೊಂದು. ಮನೆ ಹಾಳಾದಾಗ ಮಹಜರು (ಅಧಿಕಾರಿಗಳು ಬಂದು ನಷ್ಟ ನೋಡಿ ಬರೆದುಕೊಳ್ಳುವುದು) ಆಗುವ ಮೊದಲೇ ಗುಡಿಸಿ ಒರೆಸಿ ಇಡುತ್ತಾರೆ, ಪಾಪ, ನಮ್ಮ ಅಮ್ಮನೂ ಹಾಗೇ ಮಾಡಿದರು. ಮೊದಲು ಫೋಟೋ, ನೀರು ಎಲ್ಲಿಯವರೆಗೆ ಬಂದಿತ್ತು ಅಂತ ಗೋಡೆಯ ಗುರುತು ಕಾಣುವ ಹಾಗೆ. ಆಮೇಲೆ ಪೊರಕೆ.

ಮಾದಾಪುರ_ಹೊಳೆ:

ಎಲ್ಲವನ್ನೂ ಪ್ರಿಂಟ್ ತೆಗೆದು ನಿನ್ನೆ ಸಭೆಯಲ್ಲಿ ಓದಿದೆ. ಕರಡಿಗೋಡಿನ ಅಣ್ಣ, ನಿಮ್ಮ ಮಾತು ಓದಿದಾಗ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಕಾಗದ ಇಲ್ಲದವರ ಬಗ್ಗೆ ನಾನು ಯೋಚಿಸಿರಲಿಲ್ಲ, ಅದು ನನ್ನ ತಪ್ಪು.

ತೀರ್ಮಾನ ಹೀಗಾಗಿದೆ. ಅಕ್ಕಿ ಈಗ ಖರೀದಿ ಮಾಡುವುದಿಲ್ಲ. ಆ ಹಣದಲ್ಲಿ ನೀವು ಹೇಳಿದ ಸಲಿಕೆ, ಬಕೆಟ್, ಬ್ಲೀಚಿಂಗ್, ಗಂಬೂಟು, ಪ್ಯಾಡು, ಹೊಸ ಕಂಬಳಿ. ಅರ್ಧ ನಿಮ್ಮ ಕಡೆ ಇಡುತ್ತೇವೆ, ಅರ್ಧ ಇಲ್ಲಿ. ಉಳಿದ ಹಣ ಮಳೆಗಾಲ ಮುಗಿಯುವವರೆಗೆ ಮುಟ್ಟುವುದಿಲ್ಲ. ಕೈಲ್ ಪೊಳ್ದ್ (ಸೆಪ್ಟೆಂಬರ್‌ನ ಆಯುಧ ಹಬ್ಬ) ಆದ ಮೇಲೆ ಓಡಾಟಕ್ಕೆ, ಸರ್ವೆಗೆ, ಅಫಿಡವಿಟ್‌ಗೆ. ಸೈನಿಕ ನಿಧಿಯ ಲೆಕ್ಕ ಬೇರೆ. ಹವಾಲ್ದಾರ್ ಮಾವ ಮಂಗಳವಾರ, ಶುಕ್ರವಾರ ಕೂರುತ್ತಾರೆ. ಟೀಚರ್, ನಮ್ಮ ಇಬ್ಬರು ಹುಡುಗಿಯರು ಬರಲು ಒಪ್ಪಿದ್ದಾರೆ, ಮಾರ್ಚ್‌ವರೆಗೆ ಅಂತ ಬರೆದುಕೊಟ್ಟಿದ್ದಾರೆ.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಎಲ್ಲರೂ ಮನೆಯ ಕಾಗದ ತನ್ನಿ. ಫೋಟೋ ಹಿಡಿದು ಫೋನಿಗೆ ಹಾಕಿಕೊಡುತ್ತೇವೆ, ದಪ್ಪ ಪ್ಲಾಸ್ಟಿಕ್ ಕವರು ಸಂಘದ್ದು.

ಕರಡಿಗೋಡು_ದಡ:

ನಾನೂ ಬರುತ್ತೇನೆ. ನಮ್ಮ ಕೇರಿಯಿಂದ ಎಂಟು ಮನೆಯವರನ್ನು ಕರೆದುಕೊಂಡು ಬರುತ್ತೇನೆ. ನಮ್ಮ ಹತ್ತಿರ ಇರುವುದು ರೇಷನ್ ಕಾರ್ಡು, ಕರೆಂಟ್ ಬಿಲ್ಲು, 2019ರಲ್ಲಿ ಕೇಂದ್ರದಲ್ಲಿ ಕೊಟ್ಟ ಚೀಟಿ, ಇಷ್ಟೇ. ಅದನ್ನೂ ಕವರಿಗೆ ಹಾಕಿಕೊಡಿ. ಆ ಚೀಟಿ ನಾವು ಅಲ್ಲಿದ್ದೆವು ಅನ್ನುವುದಕ್ಕೆ ಇರುವ ಒಂದೇ ಗುರುತು.

ಈಗ_ಜಂಬೂರಿನಲ್ಲಿ:

ನಾನು ಜೀಪು ತರುತ್ತೇನೆ. ಎಂಟು ಮನೆಯವರು ಬಸ್ಸಿಗೆ ಕಾಯುವುದು ಬೇಡ. ಸಿದ್ದಾಪುರದಲ್ಲಿ ಏಳು ಗಂಟೆಗೆ ನಿಂತಿರಿ.

ಮಾದಾಪುರ_ಹೊಳೆ:

ಆಗಲಿ. ಬೆಳಗಿನ ತಿಂಡಿಗೆ ಕಡುಬು ನಮ್ಮ ಮನೆಯಲ್ಲಿ. ಆ ಅಜ್ಜಿಗೂ ಫೋನ್ ಮಾಡಿದ್ದೇನೆ. ಹೊಸ ಪಿಂಚಣಿ ಕಾಗದ ತಗೊಂಡು ಬರುತ್ತಾರಂತೆ, ಹೆಸರು ಸರಿ ಇರುವುದು.